ಎಂಬತ್ತೆಂಟು ಪ್ರಶ್ನೆಗಳಿಗೆ ಒಂದು ಉತ್ತರ

ನಿಘಂಟು ಕಚೇರಿಯಲ್ಲಿ ಏಳು ವರ್ಷ ದುಡಿದರೂ ಅವಳ ಪಾಲಿಗೆ ಬರುತ್ತಿದ್ದುದೆಲ್ಲ ಬಡಪಾಯಿ ಪದಗಳೇ. ಪಿನ್ನು, ಬಲ್ಬು, ಟಿನ್ನು, ಸೋಪು. ಬೆಳಗ್ಗೆ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುವಂಥವು. ಬಲ್ಬು ಎಂದರೆ ಬಲ್ಬು; ಅದು ಉರಿಯುತ್ತದೆ, ಇಲ್ಲವೇ ಉರಿಯುವುದಿಲ್ಲ. ಅದರ ಬಗ್ಗೆ ಇನ್ನೇನು ಬರೆದು ಕಡಿದು ಕಟ್ಟೆ ಹಾಕುವುದು?

ಆ ಕಚೇರಿಯಲ್ಲಿ ತಯಾರಾಗುತ್ತಿದ್ದುದು, ಇಂಗ್ಲಿಷಿನಿಂದ ನೆಂಟರ ಹಾಗೆ ಬಂದು ಕನ್ನಡದಲ್ಲಿ ಮನೆಯವರ ಹಾಗೆ ಉಳಿದುಬಿಟ್ಟ ಪದಗಳ ನಿಘಂಟು. ಅದರಲ್ಲಿ ಆನ್, ಔಟ್, ಸೆಟ್, ಲೈನ್ ಎಂಬಂಥ ಹತ್ತಾರು ಅರ್ಥಗಳ ಘನವಂತ ಪದಗಳೆಲ್ಲ ಒಬ್ಬ ಹಿರಿಯ ಸಹೋದ್ಯೋಗಿಯ ಸ್ವಂತ ಆಸ್ತಿ. ಕಚೇರಿಯವರು ಅವನಿಗಿಟ್ಟ ಹೆಸರು ಮಹಾಪದ. ಮಹಾಪದನಿಗೆ ಬಾಗಿಲಿರುವ ಕೋಣೆ. ಅವಳಿಗೆ ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಅರ್ಧ ಮೇಜು. (ಇನ್ನರ್ಧ ಯಂತ್ರದ ಕಾಗದಕ್ಕೆ. ಯಂತ್ರದ್ದೇ ದೊಡ್ಡ ಅರ್ಧ.) ಮನೆಗೆ ಬಂದರೆ ಊಟದ ಮೇಜಿನ ಒಂದು ಮೂಲೆ, ಅದೂ ಯಾರೂ ಊಟ ಮಾಡದೆ ಇರುವಾಗ.

ಹೀಗಿರುವಾಗ ಪ್ರಧಾನ ಸಂಪಾದಕಿ ಒಂದು ದಿನ ಅವಳನ್ನು ಕರೆದು, “ನಿಮಗೆ ‘ರೆಡಿ’ ಕೊಡ್ತಾ ಇದೀನಮ್ಮ” ಎಂದಾಗ ಅವಳಿಗೆ ಕೂತ ಕುರ್ಚಿ ಎರಡು ಅಂಗುಲ ಮೇಲೆದ್ದಂತಾಯಿತು.

‘ರೆಡಿ’ಯ ಮೇಲೆ ಒಂದು ಪ್ರಯೋಗ ನಡೆಯಬೇಕಾಗಿತ್ತು. ಒಂದು ಪದ, ಒಂದು ಮನೆ, ಮೂರು ತಿಂಗಳು. ಒಂದೇ ಸೂರಿನಡಿ ಇರುವ ಜನ ಒಂದು ಪುಟ್ಟ ಪದದಿಂದ ಎಷ್ಟು ಬಗೆಯ ಕೆಲಸ ತೆಗೆಯುತ್ತಾರೆ ಎಂಬುದನ್ನು ಒಂದೂ ಬಿಡದೆ ಬರೆದಿಟ್ಟು, ನಿಘಂಟಿನ ಮುನ್ನುಡಿಯಲ್ಲಿ ಮಾದರಿಯಾಗಿ ಅಚ್ಚು ಹಾಕಿಸುವುದು. ಮಹಾಪದನ ಮನೆಯಲ್ಲಿ ಇದ್ದುದು ಅವನು ಮತ್ತು ಒಂದು ಬೆಕ್ಕು. ಬೆಕ್ಕು ‘ರೆಡಿ’ ಅನ್ನುತ್ತಿರಲಿಲ್ಲ. ಅದಕ್ಕೇ ಪದ ಅವಳಿಗೆ ಬಂತು.

“ಇದನ್ನ ಪೂರ್ತಿ ಮುಗಿಸಿಕೊಟ್ರೆ, ಆ ಖಾಲಿ ಇರೋ ಕೋಣೆ ನಿಮ್ಮದು. ಸಹಸಂಪಾದಕಿ ಅಂತ ಬೋರ್ಡೂ ಹಾಕಿಸ್ತೀನಿ. ಆದ್ರೆ ನಿಯಮ ಮೂರು. ಕೇಳಿದ್ದನ್ನ ಬರೀಬೇಕು, ಕಟ್ಟಿ ಬರೀಬಾರದು. ನೀವಾಗಿ ಹೇಳಿಸಬಾರದು, ಸುಳಿವೂ ಕೊಡಬಾರದು. ಮತ್ತೆ, ನಿಮ್ಮ ಬಾಯಿಂದ ಬಂದದ್ದು ಲೆಕ್ಕಕ್ಕಿಲ್ಲ,” ಎಂದರು ಸಂಪಾದಕಿ.

ಬಾಗಿಲಿರುವ ಕೋಣೆ! ಮುಚ್ಚಬಹುದಾದ ಬಾಗಿಲು! ಅವಳು ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಕನಸು ಕಂಡಳು.

ಅವಳ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಗಂಡ ಲಿಫ್ಟ್ ಮೆಕ್ಯಾನಿಕ್; ಊರಿನ ಎತ್ತರದ ಕಟ್ಟಡಗಳಲ್ಲಿ ನಿಂತುಹೋದ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಾಡಿಸುವವನು, ಮನೆಯಲ್ಲಿ ಮಾತ್ರ ತಾನೇ ನಿಂತುಹೋಗುವವನು. ಜೊತೆಗೆ ಅವನ ತಾಯಿ, ಅಂದರೆ ಅವಳ ಅತ್ತೆ. ಕಾಲು ನೋವಿದ್ದರೂ ಕಿವಿಯಲ್ಲಿ ಯಾವ ನೋವೂ ಇಲ್ಲದ ಎಪ್ಪತ್ತಾರರ ಹಿರಿಯ ಜೀವ. ಮತ್ತೆ ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು.

ಕಾರ್ಡುಗಳ ಪೆಟ್ಟಿಗೆ ತುಂಬತೊಡಗಿತು. ಒಂದೊಂದು ಕಾರ್ಡಿನಲ್ಲೂ ಹೇಳಿದ ಮಾತು, ಹೇಳಿದವರು, ಆಗ ಅವರು ಏನು ಮಾಡುತ್ತಿದ್ದರು, ಅರ್ಥವೇನು ಎಂದು ನಾಲ್ಕು ಸಾಲು.

ಗಂಡ ಬಾಗಿಲ ಬಳಿ ನಿಂತು “ನಾನು ರೆಡಿ!” ಎಂದ. ಅರ್ಥ: ಹೇಳುವವನ ಕಾಲಿಗೆ ಶೂಸ್ ಬಂದಿದೆ; ಕಿಟಕಿ, ಗ್ಯಾಸು, ನೀರಿನ ಬಾಟಲು, ಅಮ್ಮನ ಮಾತ್ರೆ, ಬೀಗ ಎಲ್ಲ ಕೇಳಿಸಿಕೊಂಡವಳ ಪಾಲಿಗೆ. ಮಗಳು ಹೊದಿಕೆಯ ಒಳಗಿನಿಂದ “ರೆಡಿ ಆಗ್ತಾ ಇದೀನಮ್ಮಾ” ಎಂದಳು. ಅರ್ಥ: ಎದ್ದಿಲ್ಲ. ಗಂಡ ಸೋಫಾದಲ್ಲಿ ಕೂತು “ಆ ಮಿಕ್ಸಿ ನಾನೇ ರೆಡಿ ಮಾಡ್ತೀನಿ, ಯಾರಿಗೂ ಕೊಡಬೇಡ” ಎಂದ. ಅರ್ಥ: ದುರಸ್ತಿ, ಭವಿಷ್ಯತ್ಕಾಲದಲ್ಲಿ ಮಾತ್ರ ಬಳಕೆ. (ಮಿಕ್ಸಿ ಕಪಾಟಿನ ಮೇಲೆ ಏಳು ಭಾಗಗಳಾಗಿ ಮಲಗಿ ಒಂದು ವರ್ಷ ದಾಟಿತ್ತು.) ಅದೇ ಮನುಷ್ಯ ಅದೇ ಸೋಫಾದಲ್ಲಿ ಕೂತು ಫೋನಿನಲ್ಲಿ “ಲಿಫ್ಟ್ ರೆಡಿ ಸಾರ್, ಹತ್ತೇ ನಿಮಿಷದ ಕೆಲಸ, ಮುಗಿಸಿ ಬಂದೆ” ಎಂದು ಮೀಸೆ ತಿರುವುವುದನ್ನೂ ಅವಳು ಬರೆದುಕೊಂಡಳು. ಅವನದೇ ಇನ್ನೊಂದು, ಜಗಳದ ನಡುವೆ ಸಿಕ್ಕಿದ್ದು: “ಸಾರಿ ಕೇಳೋಕೆ ನಾನು ಯಾವಾಗ್ಲೂ ರೆಡಿ. ಆದ್ರೆ ತಪ್ಪು ನಂದಲ್ಲ.” ಅರ್ಥ: ಇಲ್ಲ.

ಅತ್ತೆಯದು ಎಲ್ಲರದಕ್ಕಿಂತ ಗಹನ. “ನಾನಂತೂ ರೆಡಿಯಾಗಿ ಕೂತಿದೀನಿ. ಮೇಲಿನೋನು ಕರೆಸಿಕೊಳ್ಳೋದೊಂದು ಬಾಕಿ.” ಇದು ಪರಲೋಕದ ವಿಷಯ ಎಂದು ಅವಳು ಮೊದಲು ಬರೆದಿದ್ದಳು. ಆಮೇಲೆ ಹದಿನಾಲ್ಕು ಕಾರ್ಡುಗಳನ್ನು ಹೋಲಿಸಿ ನೋಡಿದಾಗ ಗೊತ್ತಾಯಿತು, ಆ ಮಾತು ಬರುವುದು ಸಂಜೆಯ ಟೀ ಐದು ನಿಮಿಷ ತಡವಾದ ದಿನಗಳಲ್ಲಿ ಮಾತ್ರ ಎಂದು. ತಿದ್ದಿದಳು. ಅರ್ಥ: ಟೀ.

ಮೂರು ತಿಂಗಳಿಗೆ ಇಪ್ಪತ್ತಾರು ಅರ್ಥ, ಇನ್ನೂರ ಎಪ್ಪತ್ತು ಕಾರ್ಡು. ಕೊನೆಯ ವಾರದ ಸೋಮವಾರ ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಸಂಪಾದಕಿಯ ಮುಂದಿಟ್ಟಳು. ಸಂಪಾದಕಿ ಒಂದೊಂದೇ ಕಾರ್ಡು ತಿರುವಿದರು, ನಾಲ್ಕೈದು ಕಡೆ ನಕ್ಕರು, ಒಂದು ಕಡೆ ಕನ್ನಡಕ ಒರೆಸಿಕೊಂಡರು. ಆಮೇಲೆ ಒಂದು ದಪ್ಪ ಕಟ್ಟನ್ನು ಎತ್ತಿ ಹಿಡಿದರು.

“ಇದೇನಮ್ಮ ಇಷ್ಟೊಂದು? ‘ಊಟ ರೆಡೀನಾ?’ ‘ಊಟ ರೆಡೀನಾ?’ ‘ಊಟ ರೆಡಿಯಾಯ್ತಾ?’”

“ಎಂಬತ್ತೆಂಟು ಮೇಡಂ. ಗಂಡನದು ಐವತ್ತು, ಮಗಳದು ಇಪ್ಪತ್ತೊಂದು, ಉಳಿದದ್ದು ಅತ್ತೆಯದು.”

“ಸರಿ. ಉತ್ತರ ಎಲ್ಲಿ?”

“ಉತ್ತರ?”

“ಎಂಬತ್ತೆಂಟು ಸಲ ಪ್ರಶ್ನೆ ಕೇಳಿದಾರೆ. ‘ಊಟ ರೆಡಿ’ ಅಂತ ಯಾರೋ ಒಬ್ಬರು ಹೇಳಿರಬೇಕಲ್ಲ? ಒಂದೂ ಕಾರ್ಡಿಲ್ಲ.”

“ಅದು... ಉತ್ತರ ನಾನೇ ಹೇಳೋದು ಮೇಡಂ.”

“ನೀವು ಲೆಕ್ಕಕ್ಕಿಲ್ಲವಲ್ಲಮ್ಮ.”

ನಿಯಮದ ಮಾತಾಗಿ ಹೇಳಿದ್ದು. ಅವಳಿಗೆ ಎಲ್ಲೋ ಒಂದು ಕಡೆ ಚುರುಕ್ ಎಂದಿತು.

“ಇದೇ ಮೊದಲನೇ ಅರ್ಥ. ಒಬ್ಬರು ಕೆಲಸ ಮಾಡಿ ಮುಗಿಸಿ, ಇನ್ನೊಬ್ಬರಿಗೆ ಬನ್ನಿ ಅಂತ ತಿಳಿಸೋದು. ಉಳಿದ ಇಪ್ಪತ್ತಾರು ಅರ್ಥ ಇದರ ಮೇಲೆ ನಿಂತಿರೋದು. ನಿಮ್ಮ ಮನೆಯಲ್ಲಿ ಬೇರೆ ಯಾರೂ ಯಾವತ್ತೂ ಈ ಮಾತು ಆಡಿಲ್ವಾ?” ಸಂಪಾದಕಿ ಕ್ಯಾಲೆಂಡರ್ ನೋಡಿದರು. “ಶುಕ್ರವಾರದವರೆಗೆ ಟೈಮಿದೆ. ಒಂದೇ ಒಂದು ಕಾರ್ಡು ಸಾಕು. ಇಲ್ಲದೇ ಇದ್ರೆ ಪದ ಅಪೂರ್ಣ. ಮಹಾಪದ ಅವರು ಕೇಳ್ತಾ ಇದ್ರು. ಅವರ ತಂಗಿ ಮನೆಯಲ್ಲಿ ಬೇಕಾದಷ್ಟು ಜನ ಇದಾರಂತೆ.”

ಮಂಗಳವಾರ ಅವಳ ಯೋಜನೆ ಸರಳವಾಗಿತ್ತು. ಅಡುಗೆ ಮಾಡುವುದು, ಬಾಯಿ ಬಿಡದಿರುವುದು. ಯಾರಾದರೊಬ್ಬರು ಇಣುಕಿ ನೋಡಿ, ಇನ್ನೊಬ್ಬರಿಗೆ ‘ಊಟ ರೆಡಿ ಬಾ’ ಎನ್ನದೆ ಇರುತ್ತಾರೆಯೇ? ಅವಳು ಎಲ್ಲವನ್ನೂ ಮೇಜಿನ ಮೇಲಿಟ್ಟು, ತಟ್ಟೆ ಜೋಡಿಸಿ, ಬಾಯಿಗೆ ಬೀಗ ಹಾಕಿಕೊಂಡು ಪೇಪರ್ ಹಿಡಿದು ಕೂತಳು.

ಗಂಡ ಮುಖ ತೊಳೆದುಕೊಂಡು ಬಂದ. “ಊಟ ರೆಡೀನಾ?” (ಎಂಬತ್ತೊಂಬತ್ತು.)

“ನೋಡಿ.”

ಮೇಜು ಅವನಿಂದ ಮೂರು ಅಡಿ ದೂರದಲ್ಲಿತ್ತು. ಅವನು ಮೇಜಿನ ಬದಲು ಅವಳ ಮುಖ ನೋಡಿದ.

“ನೋಡಿ ಅಂದ್ರೆ? ಏನಾಯ್ತು?”

“ಏನೂ ಇಲ್ಲ.”

“ಏನೂ ಇಲ್ಲ ಅಂತ ಹೀಗಂದ್ರೆ ಏನೋ ಇದೆ.” ಅವನು ಎದುರಿನ ಕುರ್ಚಿಯಲ್ಲಿ ಕೂತು ಒಂದು ವಾರದ ತನ್ನ ಅಪರಾಧಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ಹಾಕಿದ. “ಆ ನೀಲಿ ಛತ್ರಿ ವಿಷಯಾನಾ? ಅದು ಕಳೆದಿಲ್ಲ ಕಣೇ. ಹನ್ನೊಂದನೇ ಮಹಡಿಯವರ ಹತ್ತಿರ ಇದೆ.”

ಛತ್ರಿ ಮನೆಯಲ್ಲಿಲ್ಲ ಎಂಬುದು ಅವಳಿಗೆ ಗೊತ್ತಾದದ್ದೇ ಆಗ.

ಅಷ್ಟರಲ್ಲಿ ಮಗಳು ಬಂದಳು, ಪಾತ್ರೆಯ ಮುಚ್ಚಳ ಎತ್ತಿದಳು, ತನಗೆ ಬೇಕಾದ್ದನ್ನು ತಟ್ಟೆಗೆ ಬಡಿಸಿಕೊಂಡಳು, ಕಿವಿಯ ತಂತಿ ತೆಗೆಯದೆ ಕೋಣೆಗೆ ನಡೆದಳು. ಒಂದಕ್ಷರ ಇಲ್ಲ. ಒಳಗಿನಿಂದ ಅತ್ತೆಯ ದನಿ ಕೇಳಿಸಿತು. “ವಾಸನೆ ಬಂದು ಅರ್ಧ ಗಂಟೆ ಆಯ್ತು. ಕರೀದೆ ಎದ್ದು ಬರೋಕೆ ನಾನೇನು ಇರುವೆನಾ?”

ಗಂಡ ಛತ್ರಿಯ ಚಿಂತೆಯಲ್ಲಿ, ಅತ್ತೆ ಮರ್ಯಾದೆಯ ಚಿಂತೆಯಲ್ಲಿ. ಊಟ ಆರಿ ತಣ್ಣಗಾಯಿತು. ಕೊನೆಗೆ ಅವಳು “ಬನ್ನಿ, ಬನ್ನಿ” ಎಂದು ಎದ್ದು ಎಲ್ಲವನ್ನೂ ಮತ್ತೆ ಬಿಸಿ ಮಾಡಿದಳು.

ಬುಧವಾರ ತಲೆನೋವು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಹೂಡಿದ ಮೊದಲ ಸುಳ್ಳು ತಲೆನೋವು ಅದು. (ನಿಜವಾದವು ಬಂದಾಗ ಅಡುಗೆ ಮಾಡಿಯೇ ಮಲಗುತ್ತಿದ್ದಳು.) ಗಂಡ ಕರಗಿಹೋದ. ಬಾಮ್ ಹಚ್ಚಿದ, ಫ್ಯಾನ್ ಹಾಕಿದ, ಫ್ಯಾನ್ ಆರಿಸಿದ, ದಿಂಬು ಬದಲಿಸಿದ.

“ನೀನು ಏಳಲೇಬೇಡ. ನಾವೆಲ್ಲ ನೋಡ್ಕೋತೀವಿ.”

ಅವಳು ದಿಂಬಿನಡಿಯ ಪೆನ್ಸಿಲ್ ತಡಕಿ ನೋಡಿಕೊಂಡು ಕಣ್ಣು ಮುಚ್ಚಿದಳು. ಹತ್ತು ನಿಮಿಷಕ್ಕೆ ಅಡುಗೆಮನೆಯಲ್ಲಿ ಮೂವರೂ ಸೇರಿದ ಸದ್ದು. ಹದಿನೈದು ನಿಮಿಷಕ್ಕೆ ಗಂಡ ಒಂದು ತಟ್ಟೆ ಹಿಡಿದು ಬಂದ.

“ತಗೋ. ಬ್ರೆಡ್ಡು.”

“ಬ್ರೆಡ್ಡು...?” ಅವಳು ಆಸೆಯಿಂದ ನೋಡಿದಳು.

“ಬ್ರೆಡ್ಡು. ಜಾಮ್ ಹಚ್ಚಿದೆ.”

“ಬ್ರೆಡ್ಡು... ಏನಾಗಿದೆ?”

“ಏನಾಗಿರುತ್ತೆ? ನಿನ್ನೆ ತಂದಿದ್ದು. ಚೆನ್ನಾಗೇ ಇದೆ.” ಅವನು ಅವಳ ಹಣೆ ಮುಟ್ಟಿ ನೋಡಿದ. ಹೊರಗೆ ಹೋಗಿ ಮಗಳಿಗೆ ಪಿಸುದನಿಯಲ್ಲಿ ಹೇಳಿದ್ದು ಅವಳಿಗೆ ಚೆನ್ನಾಗಿ ಕೇಳಿಸಿತು: “ನಿಮ್ಮಮ್ಮನಿಗೆ ತಲೆನೋವು ಸ್ವಲ್ಪ ಜೋರಾಗೇ ಇದೆ ಕಣೇ. ಬ್ರೆಡ್ ಗುರುತು ಸಿಗ್ತಾ ಇಲ್ಲ.”

ಬೆಳಗ್ಗೆ ಸಿಂಕಿನಲ್ಲಿ ಅವಳಿಗಾಗಿ ಮೂರು ತಟ್ಟೆ, ಮೂರು ಚಾಕು ಕಾಯುತ್ತಿದ್ದವು. ಜಾಮಿನ ಮುಚ್ಚಳ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಗುರುವಾರ ಕೊನೆಯ ದಿನ. ಅಂದು ಸಂಜೆ ಆರು ಗಂಟೆಗೆ ಅವಳು ನಡುಮನೆಯಲ್ಲಿ ನಿಂತು, ಲಿಫ್ಟಿನವನೂ ಅವನ ತಾಯಿಯೂ ಅವನ ಮಗಳೂ ಕೇಳಿಸಿಕೊಳ್ಳುವಂತೆ ಹೇಳಿದಳು. “ನಾಳೆ ಆಫೀಸಲ್ಲಿ ನನ್ನ ಕೆಲಸ ಒಪ್ಪಿಸಬೇಕು. ಅದು ಸರಿಹೋದ್ರೆ ನನಗೊಂದು ಕೋಣೆ ಸಿಗುತ್ತೆ, ಇಲ್ಲದೇ ಇದ್ರೆ ಇಲ್ಲ. ಇವತ್ತು ನಾನು ಅಡುಗೆಮನೆಗೆ ಕಾಲಿಡಲ್ಲ. ಬ್ರೆಡ್ ಖಾಲಿಯಾಗಿದೆ. ಹೊರಗಿಂದ ತರಿಸೋದು ಬೇಡ. ಬಿಸಿಯಾಗಿ ಏನಾದ್ರೂ ನೀವೇ ಮಾಡಿ.”

ನಿಯಮ ಮುರಿದಿರಲಿಲ್ಲ. ಅಡುಗೆ ಮಾಡಲು ಹೇಳಿದ್ದಳು. ಏನು ಹೇಳಬೇಕೆಂದು ಹೇಳಿರಲಿಲ್ಲ.

ಮೂವರೂ ಮುಖ ಮುಖ ನೋಡಿಕೊಂಡರು. ಗಂಡನಿಗೆ ಅಷ್ಟರಲ್ಲಿ ಏನನ್ನಿಸಿತೋ, ಎದ್ದು ತೋಳು ಮಡಚಿದ. “ನಲವತ್ತು ಮಹಡಿ ಲಿಫ್ಟ್ ಎತ್ತೋನಿಗೆ ಒಂದು ಪಾತ್ರೆ ಎತ್ತೋದು ದೊಡ್ಡದಾ? ನೀನು ಹೋಗು, ಕೆಲಸ ಮಾಡ್ಕೋ.”

ಅವಳು ಮಲಗುವ ಕೋಣೆಗೆ ಹೋಗಿ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು, ಕಾರ್ಡು, ಪೆನ್ಸಿಲ್ ಹಿಡಿದು ಕೂತಳು. ಆ ಸಂದಿಯಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಗಂಡ ತನ್ನ ಕೆಲಸದ ಚೀಲದಿಂದ ಒಂದು ಬೋರ್ಡು ತೆಗೆದು ಅದರ ಚಿಲಕಕ್ಕೆ ನೇತುಹಾಕಿದ: ‘ದುರಸ್ತಿ ನಡೆಯುತ್ತಿದೆ. ದಯವಿಟ್ಟು ಮೆಟ್ಟಿಲು ಬಳಸಿ.’

ಅತ್ತೆ ಕುರ್ಚಿ ತರಿಸಿಕೊಂಡು ಒಲೆಯ ಪಕ್ಕ ವಿರಾಜಮಾನರಾದರು. ಮಗಳು ತರಕಾರಿ ಹೆಚ್ಚಲು ಕೂತಳು.

“ಕ್ಯಾರೆಟ್ ಎಲ್ಲ ಒಂದೇ ಅಳತೆ ಇರಲಿ. ಎರಡು ಸೆಂಟಿಮೀಟರ್,” ಎಂದ ಗಂಡ.

“ಅಪ್ಪಾ, ಇದು ಕ್ಯಾರೆಟ್ಟು. ಕೇಬಲ್ ಅಲ್ಲ.”

“ಈರುಳ್ಳಿ ಕೆಂಪಗಾಗಬೇಕು ಕಣೋ, ಕಪ್ಪಗಲ್ಲ,” ಎಂದರು ಅತ್ತೆ.

ಆಮೇಲೆ ಗಂಡನ ಕೂಗು ಶುರುವಾಯಿತು. “ಉಪ್ಪೆಲ್ಲಿದೇ?”

“ಬಲಗಡೆ ಮೂರನೇ ಡಬ್ಬಿ!” ಅವಳು ಕೂತಲ್ಲಿಂದಲೇ ಕೂಗಿದಳು.

“ಅದರ ಮೇಲೆ ಸಕ್ಕರೆ ಅಂತ ಬರೆದಿದೆ!”

“ಒಳಗೆ ಉಪ್ಪೇ ಇರೋದು!”

“ಮತ್ತೆ ಸಕ್ಕರೆ ಎಲ್ಲಿ?”

“ಬಿಸ್ಕತ್ತು ಅಂತ ಬರೆದಿರೋದ್ರಲ್ಲಿ!”

ಡಬ್ಬಿಗಳ ಮುಚ್ಚಳ ತೆಗೆದು ಹಾಕಿದ ಸದ್ದು. “ಡಿಕ್ಷನರಿ ಬರೆಯೋರ ಮನೆಯಲ್ಲಿ ಒಂದೇ ಒಂದು ಡಬ್ಬಿಗೂ ಸರಿಯಾದ ಹೆಸರಿಲ್ಲವಲ್ಲಮ್ಮಾ!”

“ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ತೆಗೆದು ನೋಡಿದ್ರೆ ಗೊತ್ತಾಗ್ತಿತ್ತು ಬಿಡೋ,” ಎಂದರು ಅತ್ತೆ. ಅವಳು ಕಿವಿ ನಿಮಿರಿಸಿ ಕೂತಳು. ಅತ್ತೆ ಅವಳ ಪರವಾಗಿ ಆಡಿದ ಮಾತುಗಳಿಗೆ ಬೇರೊಂದು ಪೆಟ್ಟಿಗೆ ಇಟ್ಟಿದ್ದರೆ ಅದು ನಿನ್ನೆಯವರೆಗೂ ಖಾಲಿಯೇ ಇರುತ್ತಿತ್ತು, ಇವತ್ತು ಉದ್ಘಾಟನೆಯಾಗುತ್ತಿತ್ತು.

ಅಡುಗೆ ಮಾಡುವುದು ಕಷ್ಟ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಇನ್ನೊಬ್ಬರು ಮಾಡುವಾಗ ಸುಮ್ಮನೆ ಕೂರುವುದು ಅದರ ಹತ್ತರಷ್ಟು ಕಷ್ಟ ಎಂದು ಈಗ ತಿಳಿಯಿತು. ಏನೋ ಸೀದ ವಾಸನೆ. ಅವಳ ಕಾಲು ತಾನಾಗಿ ಎದ್ದಿತು, ಹಿಡಿದು ಕೂರಿಸಿದಳು. ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರನೆ ಸುತ್ತಿ ಸುತ್ತಿ ನಿಂತಿತು. ‘ನಿಲ್ಲಿಸಿ, ಉರಿ ಸಣ್ಣ ಮಾಡಿ’ ಎಂಬ ಮಾತು ಗಂಟಲವರೆಗೆ ಬಂತು, ನುಂಗಿದಳು. ಪೆನ್ಸಿಲ್ಲನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಬಾಗಿಲಿರುವ ಕೋಣೆ, ಬಾಗಿಲಿರುವ ಕೋಣೆ ಎಂದು ಜಪ ಮಾಡಿದಳು. ಅಡುಗೆಮನೆಯಲ್ಲಿ ಮಗಳು ನಗುತ್ತಿದ್ದಳು, ಗಂಡ ಕೆಮ್ಮುತ್ತಿದ್ದ, ಅತ್ತೆ ತಾವು ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ದಿನವೇ ಪಾತ್ರೆ ತಳ ಹಿಡಿಸಿದ್ದನ್ನು ಹೇಳುತ್ತಿದ್ದರು. ಆ ಕಥೆಯನ್ನು ಸೊಸೆಯ ಮುಂದೆ ಅವರು ಒಮ್ಮೆಯೂ ಹೇಳಿರಲಿಲ್ಲ.

ಎಂಟು ಗಂಟೆಯಾಯಿತು. ಸದ್ದುಗಳೆಲ್ಲ ಒಂದೊಂದಾಗಿ ಅಡಗಿದವು. ಮಗಳು ಕೈ ತೊಳೆದುಕೊಂಡು ತನ್ನ ಕೋಣೆಗೆ ಹೋದಳು. ಅತ್ತೆ ಕಾಲು ಚಾಚಲು ಒಳಗೆ ಹೋದರು. ಮೇಜಿನ ಮೇಲೆ ತಟ್ಟೆ ಇಡುವ ಸದ್ದು. ಒಂದು. ಎರಡು. ಮೂರು. ನಾಲ್ಕು. ಲೋಟಗಳು. ಗಂಡ ಅಡುಗೆಮನೆಯ ಚಿಲಕದಿಂದ ಬೋರ್ಡು ತೆಗೆದ. ದುರಸ್ತಿ ಮುಗಿದಿತ್ತು. ಇನ್ನು ಉಳಿದದ್ದು ಒಂದೇ.

ಅವಳು ಬಾಗಿಲು ದೂಡಿಕೊಂಡು ಬಂದು, ಹೊಸ್ತಿಲಲ್ಲಿ ಪೆನ್ಸಿಲ್ ಎತ್ತಿ ಹಿಡಿದು ನಿಂತಳು. ಗಂಡ ಸೌಟು ಹಿಡಿದು ನಡುಮನೆಯ ಮಧ್ಯೆ ನಿಂತಿದ್ದ. ಅಂಗಿಯ ಮೇಲೆ ಹಿಟ್ಟು, ಹುಬ್ಬಿನ ಮೇಲೆ ಬೆವರು. ದೊಡ್ಡ ಸಭೆಯ ಮುಂದೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ.

ಮೇಜಿನ ಮೇಲೆ ಹಬೆಯಾಡುತ್ತಿತ್ತು. ನಾಲ್ಕು ತಟ್ಟೆ ಸಾಲಾಗಿ ಕೂತಿದ್ದವು. ಆ ನೋಟವನ್ನು ಅವಳ ಕಣ್ಣು ನೋಡಿದ್ದೇ ತಡ, ಅವಳನ್ನು ಒಂದು ಮಾತೂ ಕೇಳದೆ, ಇಪ್ಪತ್ತೆರಡು ವರ್ಷದ ಅಭ್ಯಾಸ ಅವಳ ಬಾಯಿಂದ ಸ್ಪಷ್ಟವಾಗಿ, ಮೂರೂ ಕೋಣೆಗೆ ಕೇಳಿಸುವಂತೆ ಕೂಗಿತು:

“ಊಟ ರೆಡಿ! ಬನ್ನಿ ಎಲ್ಲರೂ!”

ಅತ್ತೆ ಬಂದರು. ಮಗಳು ಬಂದಳು. ಗಂಡನ ಬಾಯಿ ತೆರೆದದ್ದು ಹಾಗೇ ಇತ್ತು.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪೆನ್ಸಿಲ್ ನೆಲಕ್ಕೆ ಬಿತ್ತು. ಮೂರು ತಿಂಗಳು, ಇನ್ನೂರ ಎಪ್ಪತ್ತು ಕಾರ್ಡು, ಒಂದು ಕೋಣೆ, ಒಂದು ಬಾಗಿಲು ಎಲ್ಲ ಅವಳದೇ ನಾಲಿಗೆಯ ಮೇಲಿಂದ ಜಾರಿ ಹೋಗಿತ್ತು. ಎದೆ ಒಡೆದು ಅಳುವುದೋ ನಗುವುದೋ ತಿಳಿಯದೆ ನಿಂತಳು.

ಸೌಟು ಮೇಜಿನ ಮೇಲೆ ಟಣ್ಣೆಂದಿತು.

“ಇದು ಯಾವ ನ್ಯಾಯ?” ಗಂಡ ಕೆಂಪಾಗಿದ್ದ. “ಎರಡು ಗಂಟೆ ಒಲೆ ಮುಂದೆ ಬೆಂದು ಊಟ ರೆಡಿ ಮಾಡಿದ್ದು ನಾನು! ರೆಡಿ ಅಂತ ಕೂಗೋಕೆ ನೀನು ಬಂದ್ಯಾ? ಆ ಒಂದು ಮಾತು ನಾನು ಹೇಳಬೇಕು ಅಂತ ಆಗಿನಿಂದ ಕಾಯ್ತಾ ಇದ್ದೆ! ಮಾಡಿದೋರು ಒಬ್ಬರು, ಹೆಸರು ಇನ್ನೊಬ್ಬರಿಗಾ?”

“ನಿಮ್ಮಪ್ಪ ನೆಂಟರನ್ನೆಲ್ಲ ಹೀಗೇ ಕರೀತಿದ್ರು,” ಎಂದರು ಅತ್ತೆ, ಕೂರುತ್ತಾ. “ಬನ್ನಿ ಬನ್ನಿ, ನಮ್ಮ ಮನೆ ಊಟ ಹೇಗಿದೆ ನೋಡಿ ಅಂತ. ನಾನು ಒಳಗೆ ಬೆಂಕಿ ಮುಂದೆ ಇರ್ತಿದ್ದೆ. ಒಂದು ದಿನವಾದ್ರೂ ಸೌಟು ಎಸೆದೆನಾ?”

“ನೀವು ಎಸೀಬೇಕಿತ್ತು ಅಜ್ಜಿ,” ಎಂದಳು ಮಗಳು.

ಅವಳಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವಳು ನೆಲದ ಮೇಲೆ ಮಂಡಿಯೂರಿ ಮೇಜಿನಡಿ ಪೆನ್ಸಿಲ್ ಹುಡುಕುತ್ತಿದ್ದಳು.

“ಏನೇ ಅದು? ನಾನಿಲ್ಲಿ ಮಾತಾಡ್ತಾ ಇದೀನಿ!”

“ತಡೀರಿ, ತಡೀರಿ. ‘ಒಲೆ ಮುಂದೆ ಬೆಂದು’ ಆದ ಮೇಲೆ ಏನಂದ್ರಿ? ಬೇಡ, ಬೇಡ, ಹೇಳಬೇಡಿ, ನೆನಪಿದೆ!”

ಮೇಜಿನ ಕೆಳಗೇ ಕೂತು, ತೊಡೆಯ ಮೇಲೆ ಕಾರ್ಡಿಟ್ಟುಕೊಂಡು ಒಂದಕ್ಷರ ಬಿಡದೆ ಬರೆದಳು. ಆಮೇಲೆ ಎದ್ದು ಬಂದು, ಮೊದಲ ಸಲ ಆ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ಕೂತು, ಬಿಸಿಬಿಸಿಯಾಗಿ ಉಂಡಳು. ಈರುಳ್ಳಿ ಕಪ್ಪಗಿತ್ತು, ಕ್ಯಾರೆಟ್ಟು ಮಾತ್ರ ಎಲ್ಲ ಎರಡೇ ಸೆಂಟಿಮೀಟರ್. ಎರಡು ಸಲ ಹಾಕಿಸಿಕೊಂಡಳು. ಗಂಡನ ಸಿಟ್ಟು ಎರಡನೇ ಸಲಕ್ಕೆ ಇಳಿಯಿತು.

ಶುಕ್ರವಾರ ಸಂಪಾದಕಿ ಆ ಕಾರ್ಡನ್ನು ಎರಡು ಸಲ ಓದಿದರು.

“ಹೇಳಿಸಿದ್ದಲ್ಲ ತಾನೇ?”

“ಇಲ್ಲ ಮೇಡಂ. ಕೂಗಾಡಿ ಹೇಳಿದ್ದು.”

“ನಾನು ಬರೀ ಉತ್ತರ ಕೇಳಿದ್ದೆ. ಇದರಲ್ಲಿ ಉತ್ತರದ ಜೊತೆ ಯಾರು ಮಾಡಿದ್ದು ಅನ್ನೋದೂ ಇದೆ.” ಸಂಪಾದಕಿ ಆ ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟು, ಡ್ರಾಯರಿನಿಂದ ಒಂದು ಬೀಗದ ಕೈ ತೆಗೆದು ಅವಳ ಕಡೆ ಸರಿಸಿದರು. ಅವಳು ಹೋಗಿ ಆ ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿದಳು. ಮಹಾಪದ ಹೊರಗಿನಿಂದ ಬಾಗಿಲು ತಟ್ಟಿ “ಕಂಗ್ರಾಟ್ಸ್” ಎಂದ. ಅವಳು ಒಳಗಿನಿಂದಲೇ “ಥ್ಯಾಂಕ್ಸ್” ಎಂದಳು.

ಆ ಸಂಜೆ ಟೀ ಹೊತ್ತಿಗೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಈಗ ಯಾವ ನಿಯಮವೂ ಇರಲಿಲ್ಲ. ಎಂಬತ್ತೆಂಟು ಪ್ರಶ್ನೆ, ಸಿಗದ ಉತ್ತರ, ಮಂಗಳವಾರದ ಮೌನ, ಬುಧವಾರದ ಸುಳ್ಳು ತಲೆನೋವು. ಮಗಳು ನಕ್ಕು ನಕ್ಕು ಬಿದ್ದಳು. ಅತ್ತೆ, “ನನ್ನನ್ನ ಕೇಳಿದ್ರೆ, ನಲವತ್ತು ವರ್ಷ ಊಟಕ್ಕೆ ಕರೆದದ್ದನ್ನೆಲ್ಲ ಒಟ್ಟಿಗೇ ಕೊಡ್ತಿದ್ದೆ” ಎಂದರು. ಗಂಡ ಮಾತ್ರ ನಗಲಿಲ್ಲ. ಗಂಭೀರವಾಗಿ ಕೇಳಿಸಿಕೊಂಡ. ಏನೋ ಅರ್ಥವಾದವನಂತೆ ತಲೆಯಾಡಿಸಿದ. ಪರವಾಗಿಲ್ಲ, ನಾಟಿದೆ ಎಂದುಕೊಂಡಳು ಅವಳು. ಮೂರು ತಿಂಗಳ ಶ್ರಮದಿಂದ ನಿಘಂಟಿಗೆ ಒಂದು ಪದ ಸೇರಿತು, ಮನೆಗೆ ಒಂದು ತಿಳಿವಳಿಕೆ ಸೇರಿತು. ಅಂದು ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಅವಳು ಖುಷಿಯಲ್ಲೇ ಅಡುಗೆಗೆ ನಿಂತಳು. ಹೆಚ್ಚಿದಳು, ಹುರಿದಳು, ಬೇಯಿಸಿದಳು, ರುಚಿ ನೋಡಿದಳು. ಮೇಜು ಒರೆಸಿ, ತಟ್ಟೆ ಇಟ್ಟು, ಒಲೆ ಆರಿಸಿದಳು. ಕೈ ಒರೆಸಿಕೊಂಡು ಇನ್ನೇನು ಬಾಯಿ ತೆರೆಯಬೇಕು, ನಡುಮನೆಯಿಂದ ಒಂದು ಗಂಭೀರ ಧ್ವನಿ ಮನೆಯನ್ನೆಲ್ಲ ತುಂಬಿತು:

“ಊಟ ರೆಡಿ! ಎಲ್ಲರೂ ಬನ್ನಿ!”

ಅವಳು ಸೌಟು ಹಿಡಿದೇ ಓಡಿ ಬಂದಳು. ಗಂಡ ಸೋಫಾದಿಂದ ಎದ್ದು ನಿಂತಿದ್ದ. ಹೆಂಡತಿಗೆ ದೊಡ್ಡ ಉಡುಗೊರೆ ಕೊಟ್ಟವನ ಕಳೆ ಅವನ ಮುಖದಲ್ಲಿ.

“ಕೇಳಿಸ್ತಾ? ಬರ್ಕೋ ಬೇಕಾದ್ರೆ,” ಎಂದ. “ಅಲ್ವೇ, ನಿನಗೆ ಬೇಕಾಗಿದ್ದದ್ದು ಬರೀ ಈ ಒಂದು ಮಾತು ಅಂತ ಮೊದಲೇ ಗೊತ್ತಿದ್ದಿದ್ರೆ, ಗುರುವಾರ ಅಷ್ಟು ಹೊತ್ತು ಒಲೆ ಮುಂದೆ ಯಾಕೆ ಬೇಯ್ತಿದ್ದೆ? ಇನ್ಮೇಲೆ ನೀನು ಆರಾಮಾಗಿ ಅಡುಗೆ ಮಾಡು. ಕೂಗೋ ಕಷ್ಟ ಎಲ್ಲಾ ನಂದು.”

ಅತ್ತೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳು ಗೋಡೆಗೆ ಒರಗಿದಳು.

ಅವಳು ಒಂದು ಗಳಿಗೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಮುಖದಲ್ಲಿ ಎಳ್ಳಷ್ಟೂ ಕುಹಕ ಇರಲಿಲ್ಲ. ಅದೇ ಅವಳನ್ನು ಸೋಲಿಸಿದ್ದು. ನಗು ತಡೆಯಲಾರದೆ ಸೌಟನ್ನು ಅವನ ಕೈಗಿಟ್ಟು, ಕುರ್ಚಿ ಎಳೆದುಕೊಂಡು ಕೂತು, ತಟ್ಟೆಯನ್ನು ಮುಂದಕ್ಕೊಡ್ಡಿದಳು.

“ಕೂಗಿದ್ರಲ್ಲ. ಬಡಿಸಿ.”